ಕೌದಿಯಡಿಯ ಬೆರಳು

ಮಂಗಳವಾರ ಬೆಳಿಗ್ಗೆ ನೆಡ್ರಾ ಥೈಗರ್ಸನ್ ವಿಟಮಿನ್ ಮಾತ್ರೆಗಳ ಐದೂ ಡಬ್ಬಿಗಳನ್ನು ಕಸದ ಬುಟ್ಟಿಗೆ ಹಾಕಿದಳು. ಒಂದು ನಿಮಿಷ ಅಲ್ಲೇ ನಿಂತಿದ್ದು, ಮತ್ತೆ ಒಂದೊಂದಾಗಿ ಹೊರಗೆ ತೆಗೆದು, ಒರೆಸಿ, ಸಿಂಕಿನ ಮೇಲಿನ ಕಿಟಕಿಯಲ್ಲಿ ಎಂದಿನಂತೆ ಸಾಲಾಗಿ ಇಟ್ಟಳು. ಒಂಬತ್ತಕ್ಕೆ ಗೆಳತಿ ಲೂಜೀನ್ ಬರುತ್ತಾಳೆ. ಆ ಸಾಲು ಕಾಣದಿದ್ದರೆ ಬಾಗಿಲಲ್ಲೇ ನಿಂತು ಕೇಳುತ್ತಾಳೆ. ಕೇಳಿದರೆ ಹೇಳಬೇಕಾಗುತ್ತದೆ. ಐದು ದಿನದಿಂದ ನೆಡ್ರಾಗೆ ಅದೊಂದನ್ನು ಹೇಳಲು ಬಾಯಿ ಬಂದಿರಲಿಲ್ಲ.

ಗಂಡ ಲಾಮಾರ್ ಓಟ್ಸ್ ಗಂಜಿ ತಿನ್ನುತ್ತಾ ಇದನ್ನೆಲ್ಲ ನೋಡುತ್ತಿದ್ದ.

“ಹಾಕಿದ್ದೂ ಆಯ್ತು, ತೆಗೆದಿದ್ದೂ ಆಯ್ತು. ಇನ್ನು ಅದರ ಮುಂದೆ ಮೊಣಕಾಲೂರಿ ಪ್ರಾರ್ಥನೆ ಒಂದು ಮಾಡ್ಬಿಡು,” ಅಂದ.

“ಸುಮ್ನೆ ತಿನ್ನು ಲಾಮಾರ್.”

“ಅವಳಿಗೆ ಹೇಳಿದ್ಯಾ?”

“ಇವತ್ತು ಹೇಳ್ತೀನಿ.”

“ಶುಕ್ರವಾರಾನೂ ಇವತ್ತೇ ಅಂದಿದ್ದೆ.”

“ಶುಕ್ರವಾರ ಕೌದಿ ಅರ್ಧ ಉಳಿದಿತ್ತು.”

ಲಾಮಾರ್ ಚಮಚ ಕೆಳಗಿಟ್ಟ. “ಕೌದಿಗೂ ಅದಕ್ಕೂ ಏನೇ ಸಂಬಂಧ? ಅವಳು ಓಡಿಸೋದು ಶಾಲೆ ಬಸ್ಸು. ಹಿಂದೆ ಮೂವತ್ತು ಮಕ್ಕಳು ಕೂತಿರ್ತಾವೆ. ಅವಳ ಕಾಲೂ ನಿನ್ನ ಕೈ ಥರಾನೇ ಆಗಿದ್ರೆ?”

“ಆಗಿಲ್ಲ ಅಂತಾಳೆ.”

“ನೀನೂ ಹಾಗೇ ಅಂತಿದ್ದೆ,” ಅಂದು ಲಾಮಾರ್ ಟೋಪಿ ಹಾಕಿಕೊಂಡು ಕೊಟ್ಟಿಗೆಯ ಕಡೆ ಹೋದ. ಅವನು ದಿನಕ್ಕೆ ಆಡುವ ಮಾತು ಹೆಚ್ಚೆಂದರೆ ಇಪ್ಪತ್ತು. ಅವತ್ತಿನ ಕೋಟಾ ಬೆಳಿಗ್ಗೆಯೇ ಮುಗಿದಿತ್ತು.

ನೆಡ್ರಾಳ ಕೈಗಳ ಕಥೆ ಆ ಕಣಿವೆಯಲ್ಲಿ ಅರ್ಧ ಹೆಂಗಸರ ಕಥೆಯೇ. ಯೂಟಾದ ಆ ಕಣಿವೆಯ ತುಂಬ ಟರ್ಕಿ ಕೋಳಿಗಳು. ಕೋಳಿಗಳನ್ನು ಕಡಿದು, ಮೂಳೆ ಬಿಡಿಸಿ, ಪೊಟ್ಟಣ ಕಟ್ಟುವ ಕಾರ್ಖಾನೆಯೊಂದು. ನೆಡ್ರಾ ಅಲ್ಲಿ ಇಪ್ಪತ್ತೆರಡು ವರ್ಷ, ಮಂಜುಗಡ್ಡೆಯಂಥ ಕೋಣೆಯಲ್ಲಿ ನಿಂತು, ನಿಮಿಷಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಎದೆಮೂಳೆ ಬಿಡಿಸಿದಳು. ಬಿಟ್ಟು ಬಂದಾಗ ಕೈತುಂಬ ನೋವು ತಂದಳು. ಎಂಥ ನೋವು ಅಂತೀರಿ! ತಣ್ಣೀರು ಮುಟ್ಟಿದರೆ ಮೊಣಕೈವರೆಗೆ ಸುಡುವುದು, ಹೊದಿಕೆ ತಾಗಿದರೆ ಚುಚ್ಚುವುದು, ಮೊಮ್ಮಗು ಬಂದು ಕೈ ಹಿಡಿದರೆ ಹಲ್ಲು ಕಚ್ಚಿ ನಗಬೇಕಾಗುವುದು. ಡಾಕ್ಟರುಗಳು ಮೊದಲು ಆಪರೇಷನ್ ಅಂದರು, ಮಾಡಿದರು. ಆಮೇಲೆ ನರಕ್ಕೆ ಮಾತ್ರೆ ಅಂದರು. ಅದನ್ನು ನುಂಗಿದರೆ ಹಗಲಿಡೀ ತೂಕಡಿಕೆ; ಒಂದು ದಿನ ಕಾರನ್ನು ಕಾಲುವೆಗೆ ಇಳಿಸಿಬಿಟ್ಟಳು. ಬಲವಾದ ನೋವಿನ ಮಾತ್ರೆಯ ಹೆಸರೆತ್ತಿದರೆ ಅವಳೇ ಬೇಡ ಅನ್ನುವಳು. ಆ ಮಾತ್ರೆಯ ಚಟ ಹತ್ತಿ ಮಣ್ಣು ಸೇರಿದವರು ಅವಳ ಬೀದಿಯಲ್ಲೇ ಇಬ್ಬರಿದ್ದರು.

ಆಗ ಬಂದದ್ದು ವಿಟಮಿನ್ನು. ತಂದವಳು ಕ್ಯಾರಲೀ, ಅವರ ವಾರ್ಡಿನವಳೇ, ಅಂದರೆ ಅದೇ ಚರ್ಚಿನ ಬಳಗದವಳು, ಭಾನುವಾರ ಅಲ್ಲಿ ಎರಡು ಸಾಲು ಮುಂದೆ ಕೂರುವವಳು. ರಾಸಾಯನಿಕ ಇಲ್ಲ, ಚಟ ಇಲ್ಲ, ಬರೀ ಪೋಷಣೆ ಅಂದಳು. ಇನ್ನೇನು ಬೇಕು? ಚರ್ಚಿನ ಕಟ್ಟಳೆಯಂತೆ ಟೀ ಮುಟ್ಟದ, ಕಾಫಿ ಮುಟ್ಟದ, ವೈನಿನ ಬಾಟಲಿ ಕಂಡರೆ ಮುಖ ತಿರುಗಿಸುವ ಆ ಜನ ದಿನಕ್ಕೆ ಹದಿನೇಳು ಮಾತ್ರೆ ನುಂಗಲು ಹಿಂದೆಮುಂದೆ ನೋಡಲಿಲ್ಲ. ಹಳದಿ ಮುಚ್ಚಳದ್ದು ನರಕ್ಕೆ, ಕೆಂಪು ಮುಚ್ಚಳದ್ದು ಶಕ್ತಿಗೆ, ನೇರಳೆಯದು ಹೆಂಗಸರಿಗೆಂದೇ ಮಾಡಿದ್ದು, ಹಸಿರಿನದು ನಿದ್ದೆಗೆ, ನೀಲಿಯದು ನೀರಿಗೆ ಬೆರೆಸಿ ಕುಡಿಯುವ ಪುಡಿ. ಮೊದಮೊದಲು ಜುಮುಜುಮು ಅಂದಿತು. ನರ ಎಚ್ಚರವಾಗುತ್ತಿದೆ, ಇನ್ನೂ ಎರಡು ಜಾಸ್ತಿ ತಗೊಳ್ಳಿ ಅಂದಳು ಕ್ಯಾರಲೀ. ನೆಡ್ರಾ ತಗೊಂಡಳು. ಐದಾರು ತಿಂಗಳಲ್ಲಿ ಸುಡುವುದು ಕಡಿಮೆಯಾಯಿತು. ಆಮೇಲೆ ಚುಚ್ಚುವುದು ನಿಂತಿತು. ಒಂದು ದಿನ ತಣ್ಣೀರಿನ ನಲ್ಲಿಯ ಕೆಳಗೆ ಕೈ ಹಿಡಿದು ನಿಂತು ನೆಡ್ರಾ ಗಳಗಳನೆ ಅತ್ತುಬಿಟ್ಟಳು. ಏನೂ ನೋಯುತ್ತಿರಲಿಲ್ಲ.

ಅವರ ಚರ್ಚಿನಲ್ಲಿ ಒಂದು ಪದ್ಧತಿ. ತಿಂಗಳ ಮೊದಲ ಭಾನುವಾರ ಎಲ್ಲರೂ ಉಪವಾಸ; ಯಾರಿಗೆ ಮನಸ್ಸಾಗುತ್ತದೋ ಅವರು ಎದ್ದು ಮುಂದೆ ಹೋಗಿ, ತಮಗೆ ಸತ್ಯವೆಂದು ತಿಳಿದದ್ದನ್ನು ಎಲ್ಲರೆದುರು ಹೇಳಬೇಕು. ಅಲ್ಲಿ ಯಾರೂ ‘ಹಾಗನ್ನಿಸುತ್ತೆ’ ಅನ್ನುವುದಿಲ್ಲ, ‘ಇರಬಹುದು’ ಅನ್ನುವುದಿಲ್ಲ. ‘ನನಗೆ ಗೊತ್ತು’ ಅನ್ನುತ್ತಾರೆ. ನಾಲ್ಕು ವರ್ಷದ ಮಗುವಿಗೂ ಅಮ್ಮ ಕಿವಿಯಲ್ಲಿ ಹೇಳಿಕೊಡುವುದು ಅದನ್ನೇ. ಕ್ಯಾರಲೀ ತನ್ನ ಮನೆಯ ಹಜಾರದಲ್ಲಿ ಗುರುವಾರದ ವಿಟಮಿನ್ ಸಭೆ ಕರೆದಾಗ, ಯಾರೂ ಹೇಳಿಕೊಡದೆಯೇ, ಅದೇ ದನಿ ಅಲ್ಲಿಗೂ ಬಂತು. ನೆಡ್ರಾ ಎದ್ದು ನಿಂತಳು, ಎರಡೂ ಕೈ ಮುಂದೆ ಚಾಚಿದಳು, ಕಣ್ಣು ತುಂಬಿಕೊಂಡಿತು. “ಇದು ಕೆಲಸ ಮಾಡುತ್ತೆ ಅಂತ ನನಗೆ ಗೊತ್ತು,” ಅಂದಳು. ಹಿಂದಿನ ಕುರ್ಚಿಯಲ್ಲಿ ಲೂಜೀನ್ ಕೂತಿದ್ದಳು.

ಲೂಜೀನ್ ಒಂದನೇ ಕ್ಲಾಸಿನಿಂದ ನೆಡ್ರಾಳ ಪಕ್ಕ ಕೂತವಳು. ಅರವತ್ತೆರಡು ತುಂಬಿದರೂ ಬಾಯಿ ಮಾತ್ರ ಹನ್ನೆರಡರದ್ದು. ಗಂಡ ತೀರಿಕೊಂಡು ಒಂಬತ್ತು ವರ್ಷ. ಹತ್ತೊಂಬತ್ತು ವರ್ಷದಿಂದ ಗುಡ್ಡದ ದಾರಿಯಲ್ಲಿ ಹಳದಿ ಶಾಲೆ ಬಸ್ಸು ಓಡಿಸುತ್ತಿದ್ದಳು, ಬೆಳಿಗ್ಗೆ ಒಂದು ಸರ್ತಿ, ಮಧ್ಯಾಹ್ನ ಒಂದು ಸರ್ತಿ. ಸಕ್ಕರೆ ಕಾಯಿಲೆಯಿಂದ ಅವಳ ಅಂಗಾಲು ಕೆಂಡ ತುಳಿದಂತೆ ಉರಿಯುತ್ತಿತ್ತು. ಡಾಕ್ಟರ ಹತ್ತಿರ ಬಾಯಿ ಬಿಡುವಂತಿರಲಿಲ್ಲ. ಬಸ್ಸಿನವರಿಗೆ ಮೈ ತಪಾಸಣೆಯ ಕಾರ್ಡು ಬೇಕು. ಕಾಲು ಸರಿಯಿಲ್ಲ ಅಂತ ಒಂದು ಗೆರೆ ಬಿದ್ದರೆ ಬಸ್ಸು ಹೋಯಿತು, ಬಸ್ಸಿನ ಜೊತೆ ಆರೋಗ್ಯ ವಿಮೆಯೂ ಹೋಯಿತು, ಸರ್ಕಾರದ ವಿಮೆ ಸಿಗುವ ಅರವತ್ತೈದಕ್ಕೆ ಇನ್ನೂ ಮೂರು ವರ್ಷ. ಗೆಳತಿಯ ಮಾತು ಕೇಳಿದ ಮರುವಾರವೇ ಅವಳ ಅಡುಗೆಮನೆಗೂ ಐದು ಬಣ್ಣದ ಮುಚ್ಚಳಗಳು ಬಂದವು. ಅದಾಗಿ ಹದಿನಾಲ್ಕು ತಿಂಗಳು.

ಹೋದ ತಿಂಗಳು ನೆಡ್ರಾ ಬ್ರೆಡ್ಡು ಬೇಯಿಸುತ್ತಿದ್ದಾಗ ಲಾಮಾರ್ ಹಜಾರದಿಂದಲೇ ಕೂಗಿದ, “ಏನೇ ಅದು ಸುಟ್ಟ ವಾಸನೆ?” ಬ್ರೆಡ್ಡಲ್ಲ. ಓವನ್ನಿನ ಕಂಬಿಗೆ ಒರಗಿದ್ದ ಅವಳದೇ ಕಿರುಬೆರಳು.

ಒಂದೂವರೆ ಗಂಟೆ ದೂರದ ಪಟ್ಟಣಕ್ಕೆ ಲಾಮಾರ್ ಅವಳನ್ನು ಬಲವಂತವಾಗಿ ಕರೆದುಕೊಂಡು ಹೋದ. ಮಗನ ವಯಸ್ಸಿನ ಡಾಕ್ಟರು. ಕಣ್ಣು ಮುಚ್ಚಿಕೊಳ್ಳಿ, ಚುಚ್ಚಿದಾಗ ಹೇಳಿ ಅಂದ. ನೆಡ್ರಾ ಕಾದಳು. ಯಾವಾಗ ಶುರು ಮಾಡುತ್ತೀರಿ ಅಂತ ಕೇಳಿದಳು. ಹನ್ನೊಂದು ಸಲ ಚುಚ್ಚಿ ಆಗಿದೆ ಅಂದ ಡಾಕ್ಟರು. ರಕ್ತ ತೆಗೆದುಕೊಂಡ, ಮುಂದಿನ ಸಲ ಬರುವಾಗ ಮನೆಯಲ್ಲಿರುವ ಮಾತ್ರೆ ಎಲ್ಲಾ ತನ್ನಿ ಅಂದ. ಕಳೆದ ಗುರುವಾರ ನೆಡ್ರಾ ಐದೂ ಡಬ್ಬಿಗಳನ್ನು ದಿಂಬಿನ ಚೀಲದಲ್ಲಿ ತುಂಬಿಕೊಂಡು ಹೋದಳು. ಅವನು ಒಂದೊಂದರ ಬೆನ್ನು ತಿರುಗಿಸಿ ಸಣ್ಣ ಅಕ್ಷರ ಓದಿದ.

“ಹೆಸರು ಬೇರೆ ಬೇರೆ, ಐದರಲ್ಲೂ ಬಿ-ಸಿಕ್ಸ್ ಇದೆ, ನೋಡಿದ್ರಾ? ಸ್ವಲ್ಪ ಇದ್ರೆ ಅದು ನರಕ್ಕೆ ಊಟ. ನೀವು ತಿಂದಿರೋ ಲೆಕ್ಕಕ್ಕೆ ವಿಷ. ನೋವು ವಾಸಿಯಾಗಿಲ್ಲ ಮೇಡಂ. ನೋವಿನ ಸುದ್ದಿ ತರೋ ನರ ಕೆಟ್ಟಿದೆ.”

“ಬಿಟ್ರೆ ಸರಿಹೋಗುತ್ತಾ?” ಕೇಳಿದ್ದು ಲಾಮಾರ್.

“ಹೋಗಬಹುದು. ತಿಂಗಳುಗಟ್ಟಲೆ ಹಿಡಿಯುತ್ತೆ. ಬಿಟ್ಟ ಮೇಲೂ ಕೆಲವು ವಾರ ಜಾಸ್ತಿ ಆಗಬಹುದು. ಪೂರ್ತಿ ಸರಿಹೋಗುತ್ತೆ ಅಂತ ನಾನು ಮಾತು ಕೊಡಲ್ಲ. ನಿಮ್ಮ ಹಳೇ ನೋವೂ ವಾಪಸ್ ಬರಬಹುದು. ಮನೇಲಿ ಬೇರೆ ಯಾರಾದ್ರೂ ಇದನ್ನ ತಗೋತಿದ್ದಾರಾ?”

“ಮನೇಲಿ ಯಾರೂ ಇಲ್ಲ,” ಅಂದಳು ನೆಡ್ರಾ. ಲಾಮಾರ್ ಅವಳ ಮುಖ ನೋಡಿದ. ಅವಳು ಗೋಡೆ ನೋಡಿದಳು.

ಅಳು ಬರಬೇಕಿತ್ತು. ಕ್ಯಾರಲೀ ಮನೆಯಲ್ಲಿ ಅಷ್ಟು ಸಲೀಸಾಗಿ ಹರಿದುಬಂದ ಅಳು ಈಗ ಎಲ್ಲಿ ಹೋಯಿತೋ. ನಾಚಿಕೆಯೂ ಆಗಬೇಕಿತ್ತು, ಆಗಲಿಲ್ಲ. ಕಾರಿನಲ್ಲಿ ವಾಪಸು ಬರುವಾಗ ಹೊರಗೆ ಗುಡ್ಡಗಳು ಹೋಗುತ್ತಿದ್ದವು. ನೆಡ್ರಾ ಅವನ್ನು ಸುಮ್ಮನೆ ನೋಡುತ್ತಾ ಕೂತಿದ್ದಳು.

ಒಂಬತ್ತಕ್ಕೆ ಸರಿಯಾಗಿ ಮನೆಯೆದುರು ಹಳದಿ ಬಸ್ಸು ಬಂದು ನಿಂತಿತು. ಬೆಳಗಿನ ಸರದಿ ಮುಗಿಸಿ, ಮಧ್ಯಾಹ್ನ ಎರಡರವರೆಗೆ ಲೂಜೀನ್ ಬಸ್ಸನ್ನು ಅಲ್ಲೇ ನಿಲ್ಲಿಸಿಕೊಂಡು ನೆಡ್ರಾಳ ಜೊತೆ ಕೌದಿ ಹೊಲಿಯುವುದು ಎರಡು ವಾರದಿಂದ ನಡೆದಿತ್ತು. ಶನಿವಾರ ನೆಡ್ರಾಳ ಮೊಮ್ಮಗಳು ಬ್ರಿನ್‌ಲೀಯ ಮದುವೆ. ಆ ಮನೆತನದಲ್ಲಿ ಹೆಣ್ಣುಮಗಳು ಬಿಳಿ ಕೌದಿ ಇಲ್ಲದೆ ಗಂಡನ ಮನೆಗೆ ಹೋದದ್ದೇ ಇಲ್ಲ.

“ಬಾಗ್ಲು ತೆಗಿಯೇ, ಕೈ ಖಾಲಿ ಇಲ್ಲ!” ಲೂಜೀನ್ ಬಕೆಟ್ಟಿನಂಥ ಎರಡು ಸೋಡಾ ಲೋಟಗಳನ್ನು ಎದೆಗವುಚಿಕೊಂಡು ಒಳಗೆ ಬಂದಳು. “ತಗೋ, ನಿಂದು ತೆಂಗಿನಕಾಯಿ ಹಾಕಿದ್ದು. ಹಾಗೆ ಗುರಾಯಿಸ್ಬೇಡ, ನಂದರಲ್ಲಿ ಸಕ್ಕರೆ ಇಲ್ಲ. ನಿನ್ನ ಬೀಗಿತ್ತಿ ವಿಷಯ ಕೇಳಿದ್ಯಾ? ಮದುವೆ ಊಟಕ್ಕೆ ಹಸಿರು ಜೆಲ್ಲಿಯೊಳಗೆ ಕ್ಯಾರೆಟ್ ತುರಿ ಹಾಕ್ತಾಳಂತೆ. ಯಾವ ಕಾಲದಲ್ಲಿದ್ದಾಳೆ ಮಾರಾಯ್ತಿ ಅವಳು!”

“ಅವಳಮ್ಮ ಮಾಡ್ತಿದ್ದದ್ದಂತೆ.”

“ಅವಳಮ್ಮನೇ ತಿಂದಿದ್ಳೋ ಇಲ್ವೋ ಕೇಳು.”

ಕೌದಿ ಹಜಾರದ ನಡುವೆ ಮರದ ಚೌಕಟ್ಟಿನಲ್ಲಿ ಬಿಗಿದಿತ್ತು. ಹೊಲಿದಷ್ಟನ್ನು ಚೌಕಟ್ಟಿನ ಕೋಲಿಗೆ ಸುತ್ತುತ್ತಾ ಬಂದು, ಈಗ ಒಂದು ಮೊಳ ಮಾತ್ರ ಉಳಿದಿತ್ತು. ಕಿಟಕಿಯ ಕಡೆ ಲೂಜೀನ್, ಒಲೆಯ ಕಡೆ ನೆಡ್ರಾ. ಮೇಲಿನ ಕೈ ಸೂಜಿಯನ್ನು ಒತ್ತುತ್ತದೆ. ಕೆಳಗಿನ ಕೈಯ ಬೆರಳು ಬಟ್ಟೆಯ ಅಡಿಯಲ್ಲಿ ಕಾಯುತ್ತಿದ್ದು, ಮೊನೆ ತಾಗಿದ್ದೇ ತಡ ಅದನ್ನು ಮೇಲಕ್ಕೆ ತಿರುಗಿಸಿ ಕಳಿಸುತ್ತದೆ. ಆ ಕಣಿವೆಯಲ್ಲಿ ಕೌದಿಯವಳು ಅನ್ನಿಸಿಕೊಂಡವಳ ಎಡಗೈ ಬೆರಳು ಯಾವತ್ತೂ ಹುಣ್ಣು; ಆದರೆ ನೋವು ತಿಳಿಯುವ ಬೆರಳು ಬಟ್ಟೆಗೆ ರಕ್ತ ಅಂಟುವ ಮುಂಚೆಯೇ ಹಿಂದೆ ಸರಿಯುತ್ತದೆ. ನೆಡ್ರಾಳ ಬೆರಳು ಈ ಸಲ ಒಂದು ದಿನವೂ ನೋಯಲಿಲ್ಲ. ಹೊಲಿಗೆ ನೇರ ಬರುತ್ತಿದೆಯೋ ಇಲ್ಲವೋ ಎಂದು ಅವಳು ಕಣ್ಣಿನಿಂದಲೇ ನೋಡಿ ತಿಳಿಯಬೇಕಾಗಿತ್ತು.

ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ನೆಡ್ರಾ ತಲೆ ಬಗ್ಗಿಸಿ ಕೇಳಿದಳು, “ಕಾಲು ಹೇಗಿದೆ?”

“ಬಂಗಾರ! ರಾತ್ರಿ ಕಾಲು ನೆಟ್ಟಗೆ ಚಾಚಿ ಮಲಗ್ತೀನಿ ಕಣೇ. ಹೊದಿಕೆ ತಾಗಿದ್ರೂ ಏನೂ ಇಲ್ಲ. ನೀನು ಅವತ್ತು ಎದ್ದು ನಿಂತು ಮಾತಾಡದೇ ಇದ್ದಿದ್ರೆ ನಾನು ಇಷ್ಟು ಹೊತ್ತಿಗೆ ಬಸ್ಸೂ ಇಲ್ಲದೆ ಮನೆಯಲ್ಲಿ ಗೋಡೆ ನೋಡ್ತಾ ಕೂತಿರ್ತಿದ್ದೆ.”

“ಉರಿ ಇಲ್ಲ, ಸರಿ. ನೆಲ ಗೊತ್ತಾಗುತ್ತಾ?”

“ಏನು ಹಾಗಂದ್ರೆ?”

“ಕಾಲ ಕೆಳಗೆ ನೆಲ ಇದೆ ಅಂತ ಗೊತ್ತಾಗುತ್ತಾ ಅಂತ ಕೇಳ್ದೆ.”

“ನೆಲ ಗೊತ್ತಾಗ್ದೆ ಹಾರಾಡ್ಕೊಂಡು ಬಂದ್ನಾ ನಾನು?” ಲೂಜೀನ್ ನಕ್ಕಳು. ಆದರೆ ಸೂಜಿ ಒಂದು ಕ್ಷಣ ನಿಂತಿತು. ನೆಡ್ರಾ ಚೌಕಟ್ಟಿನ ಕೆಳಗೆ ಕಣ್ಣು ಹಾಯಿಸಿದಳು. ಹತ್ತೊಂಬತ್ತು ವರ್ಷವೂ ಲೂಜೀನ್ ಬಸ್ಸಿನಲ್ಲಿ ಹಾಕುತ್ತಿದ್ದದ್ದು ತೆಳು ಅಟ್ಟೆಯ ಹಳೆಯ ಕ್ಯಾನ್ವಾಸ್ ಶೂ. ಹಿಮ ಬಿದ್ದಿರಲಿ, ಬೂಟು ಬಿಚ್ಚಿಟ್ಟು ಅದನ್ನೇ ಹಾಕಿಕೊಳ್ಳುವಳು. ಬ್ರೇಕಿನ ಮನಸ್ಸು ಕಾಲಿಗೆ ಗೊತ್ತಾಗಬೇಕು ಅನ್ನುವಳು. ಈಗ ಅವಳ ಕಾಲಲ್ಲಿ ದಪ್ಪ ಅಟ್ಟೆಯ ಬೂಟು, ಅದೂ ಬಲಗಾಲಿನದರ ದಾರ ಬಿಚ್ಚಿ ನೆಲದ ಮೇಲೆ ಎಳೆದಾಡುತ್ತಿತ್ತು.

ಹೇಳು, ಈಗ ಹೇಳು ಅಂದುಕೊಂಡಳು ನೆಡ್ರಾ. ಹೇಳಿದರೆ ಬಸ್ಸು ಹೋಗುತ್ತದೆ. ಬಸ್ಸು ಹೋದರೆ ಲೂಜೀನಳ ಇನ್ಸುಲಿನ್ ಹೋಗುತ್ತದೆ. ಹೇಳದಿದ್ದರೆ? ಅಲ್ಲಿಂದ ಮುಂದೆ ಅವಳ ತಲೆ ಓಡುತ್ತಿರಲಿಲ್ಲ. ಕೈ ಓಡುತ್ತಿತ್ತು. ಹನ್ನೊಂದಾಯಿತು, ಹನ್ನೆರಡಾಯಿತು. ಆಲೂಗಡ್ಡೆ, ಚೀಸು ಹಾಕಿ ಬೇಯಿಸಿದ್ದನ್ನು ತಟ್ಟೆಯಲ್ಲಿಟ್ಟುಕೊಂಡು ತಿಂದರು. ಲೂಜೀನ್ ಎದ್ದು ಹೋಗಿ ಕಿಟಕಿಯಲ್ಲಿದ್ದ ಡಬ್ಬಿಗಳನ್ನು ಕಂಡು, “ನನ್ನದು ತರೋದು ಮರ್ತೆ, ನಿಂದರಲ್ಲೇ ಎರಡು ತಗೋತೀನಿ,” ಅಂದು ಹಳದಿ ಮುಚ್ಚಳ ತೆಗೆದು ಬಾಯಿಗೆ ಹಾಕಿಕೊಂಡಳು. ನೆಡ್ರಾ ಅದನ್ನು ನೋಡಿದಳು. ನೋಡಿ, ಸೂಜಿಗೆ ಹೊಸ ದಾರ ಪೋಣಿಸಿದಳು.

ಒಂದೂಕಾಲಿಗೆ ಕೊನೆಯ ಹೊಲಿಗೆ ಬಿತ್ತು.

ಇಬ್ಬರೂ ಸೇರಿ ಬಿಗಿದದ್ದನ್ನು ಸಡಿಲಿಸಿ, ಕೋಲಿನಿಂದ ಸುತ್ತು ಬಿಚ್ಚಿ, ಕೌದಿಯನ್ನು ಊಟದ ಮೇಜಿನ ಮೇಲೆ ಮಗುಚಿ ಹರಡಿದರು. ಎರಡು ವಾರದಿಂದ ಆ ಬೆನ್ನನ್ನು ಯಾರೂ ನೋಡಿರಲಿಲ್ಲ.

“ಅಯ್ಯೋ ದೇವ್ರೇ,” ಅಂದಳು ಲೂಜೀನ್.

ಬಿಳಿ ಬಟ್ಟೆಯ ಮೇಲೆ, ನೆಡ್ರಾಳ ಬದಿಯಲ್ಲಿ, ಹೊಲಿಗೆಯ ಉದ್ದಕ್ಕೂ ಚುಕ್ಕೆ ಚುಕ್ಕೆ ರಕ್ತ. ಸಾಸಿವೆಯಷ್ಟು ಕೆಲವು, ಬಟಾಣಿಯಷ್ಟು ಕೆಲವು. ಕೆಲವು ಕಂದಾಗಿ ಒಣಗಿದ್ದವು. ಅವತ್ತಿನವು ಇನ್ನೂ ಕೆಂಪಗಿದ್ದವು. ನೆಡ್ರಾ ಎಡಗೈ ತಿರುಗಿಸಿ ನೋಡಿದಳು. ತೋರುಬೆರಳ ತುದಿ ಜರಡಿಯಾಗಿತ್ತು.

“ಎಂಥ ಹೆಂಗಸೇ ನೀನು! ಇಷ್ಟು ಚುಚ್ಚಿಕೊಂಡಿದ್ದೀಯಾ, ಒಂದು ಸಲ ಅಯ್ಯೋ ಅನ್ಲಿಲ್ವಲ್ಲೇ.”

“ಗೊತ್ತಾಗ್ಲಿಲ್ಲ.”

“ಕೂತ್ಕೋ. ದಾರ ಬಾಯಿಗೆ ಹಾಕ್ಕೋ. ಶನಿವಾರಕ್ಕೆ ಇದು ಹೀಗಿದ್ರೆ ನಿನ್ನ ಬೀಗಿತ್ತಿಗೆ ಹಬ್ಬ.”

ಇದು ಸೂಜಿ ಹಿಡಿದವರ ಹಳೆಯ ನಂಬಿಕೆ. ಕೌದಿಯ ಮೇಲೆ ಬಿದ್ದ ರಕ್ತ ಸೋಪಿಗೆ ಹೋಗುವುದಿಲ್ಲ, ಯಾರ ರಕ್ತವೋ ಅವರದೇ ಎಂಜಲಿಗೆ ಹೋಗುತ್ತದೆ. ಬಿಳಿ ದಾರವನ್ನು ಬಾಯಲ್ಲಿ ಅಗಿದು, ಉಂಡೆ ಮಾಡಿ, ಕಲೆಯ ಮೇಲೆ ಒತ್ತಿ ಒತ್ತಿ ತೆಗೆಯಬೇಕು. ಅಮ್ಮನ ರಕ್ತಕ್ಕೆ ಮಗಳು ಉಗುಳಿದರೂ ಪ್ರಯೋಜನವಿಲ್ಲ. ನೆಡ್ರಾ ದಾರ ಅಗಿದಳು, ಒತ್ತಿದಳು. ಕಲೆ ಮಸುಕಾಗಿ, ತಿಳಿಯಾಗಿ, ಹೋಯಿತು. ಇನ್ನೊಂದು. ಮತ್ತೊಂದು. ಬಾಯಿ ಒಣಗಿದಾಗ ಸೋಡಾ ಕುಡಿದಳು. ಲೂಜೀನ್ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಟ್ಟು, ಒಂದೊಂದು ಕಲೆ ಹೋದಾಗಲೂ “ಹಾಂ, ಇದೂ ಹೋಯ್ತು” ಅನ್ನುತ್ತಿದ್ದಳು.

ತನ್ನ ಬದಿ ಮುಗಿಸಿ ನೆಡ್ರಾ ಬಟ್ಟೆಯನ್ನು ಎಳೆದುಕೊಂಡಳು. ಕಿಟಕಿಯ ಬದಿಯೂ ತಿರುಗಿತು. ಅಲ್ಲಿಯೂ ಚುಕ್ಕೆಗಳಿದ್ದವು. ಹೆಚ್ಚಿಲ್ಲ, ಏಳೆಂಟು.

“ಅದೂ ನಿಂದೇ,” ಅಂದಳು ಲೂಜೀನ್ ತಟ್ಟನೆ. “ಶನಿವಾರ ನಾನು ಬಂದಿರ್ಲಿಲ್ಲ. ಬೆಳಕು ಚೆನ್ನಾಗಿದೆ ಅಂತ ಈ ಕಡೆ ಕೂತಿದ್ದೆ ಅಂದ್ಯಲ್ಲ.”

ಕೂತದ್ದು ನಿಜ. ನೆಡ್ರಾ ಹೊಸ ದಾರ ಅಗಿದು ಒತ್ತಿದಳು. ಕಲೆ ತಿಳಿ ಗುಲಾಬಿಯಾಯಿತು, ಅಲ್ಲೇ ನಿಂತಿತು. ಮತ್ತೆ ಅಗಿದಳು, ಮತ್ತೆ ಒತ್ತಿದಳು. ಹೋಗಲಿಲ್ಲ. ಪಕ್ಕದ್ದಕ್ಕೆ ಹೋದಳು. ಅದೂ ಹಾಗೆಯೇ.

“ಇದು ನಂದಲ್ಲ ಲೂಜೀನ್.”

“ಬಾಯಿ ಒಣಗಿರುತ್ತೆ ಬಿಡು.”

“ನೀನು ಉಗುಳು.”

“ನನಗೆ ಬಸ್ಸಿಗೆ ಹೊತ್ತಾಯ್ತು.” ಲೂಜೀನ್ ಎದ್ದಳು. ಗೋಡೆಯ ಗಡಿಯಾರದಲ್ಲಿ ಒಂದೂಮುಕ್ಕಾಲು. ಬಸ್ಸಿನ ಕೀಯನ್ನು ಜೇಬಿನಿಂದ ತೆಗೆದಳು. ನೆಡ್ರಾ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ತಾನು ಹಾಗೆ ನಿಲ್ಲುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ.

“ಏನೇ ಇದು, ನಾಟಕ! ಸರಿ ಆ ಕಡೆ.”

“ನನ್ನ ಕೈ ವಾಸಿಯಾಗಿಲ್ಲ ಕಣೇ. ಸತ್ತಿದೆ. ಗುರುವಾರ ಡಾಕ್ಟ್ರು ಹೇಳಿದ್ರು. ಆ ಮಾತ್ರೆಯಿಂದಾನೇ. ಐದರಲ್ಲೂ ಒಂದೇ ಸಾಮಾನು, ಜಾಸ್ತಿಯಾದ್ರೆ ನರ ಕೊಲ್ಲುತ್ತೆ. ನೀನೂ ಅದನ್ನೇ ತಿಂದಿದ್ದೀಯ.”

ಲೂಜೀನ್ ಅವಳನ್ನು ದಿಟ್ಟಿಸಿದಳು. “ಗುರುವಾರ?”

“ಹೂಂ.”

“ಇವತ್ತು ಮಂಗಳವಾರ. ಈಗ ಒಂದು ಗಂಟೆ ಮುಂಚೆ ನಿನ್ನ ಕಣ್ಣೆದುರಿಗೇ ಎರಡು ನುಂಗಿದ್ನಲ್ಲೇ ನಾನು!”

ನೆಡ್ರಾ ಬೆನ್ನನ್ನು ಬಾಗಿಲಿಗೆ ಇನ್ನಷ್ಟು ಒತ್ತಿದಳು.

“ನೀನು ಅವತ್ತು ‘ಅನ್ಸುತ್ತೆ’ ಅಂದ್ಯಾ? ಇಲ್ಲ. ‘ನೋಡೋಣ’ ಅಂದ್ಯಾ? ಇಲ್ಲ. ‘ಗೊತ್ತು’ ಅಂದೆ. ಚರ್ಚಲ್ಲಿ ನಿಂತು ಹೇಳೋ ಹಾಗೆ, ಕಣ್ಣಲ್ಲಿ ನೀರು ತುಂಬ್ಕೊಂಡು, ‘ನನಗೆ ಗೊತ್ತು’ ಅಂದೆ. ಕ್ಯಾರಲೀ ಅಂದಿದ್ರೆ ನಾನು ಕಿವಿ ಮೇಲೂ ಹಾಕ್ಕೋತಿರ್ಲಿಲ್ಲ. ಅವಳು ಮಾರೋಳು. ನೀನು ಅಂದೆ ಅಂತ ನಾನು... ನನಗೇನೂ ಆಗಿಲ್ಲ. ನನ್ನ ಕಾಲು ಚೆನ್ನಾಗಿದೆ. ದಾರಿ ಬಿಡು.”

“ಆ ಕಲೆ ತೆಗೆದು ಹೋಗು. ನಿಂದಲ್ಲದಿದ್ರೆ ಹೋಗಲ್ಲ. ಹೋಗದಿದ್ರೆ ನಾನು ಈ ಮಾತು ಮತ್ತೆ ಎತ್ತಲ್ಲ.”

ಲೂಜೀನ್ ಕೀಯನ್ನು ಕೌದಿಯ ಮೇಲೆ ಎಸೆದಳು. ಒಂದು ಮೊಳ ದಾರ ಕಿತ್ತು ಬಾಯಿಗೆ ತುರುಕಿಕೊಂಡಳು. ಅಗಿಯುತ್ತಾ ಗೆಳತಿಯನ್ನೇ ಕೆಕ್ಕರಿಸಿ ನೋಡುತ್ತಿದ್ದಳು. ಆಮೇಲೆ ಬಗ್ಗಿ, ಗುಲಾಬಿ ಕಲೆಯ ಮೇಲೆ ಉಂಡೆಯನ್ನು ಒತ್ತಿದಳು. ಒಂದು ಸಲ. ಎರಡು ಸಲ. ಮೂರನೆಯ ಸಲ ದಾರ ಎತ್ತಿದಾಗ ಕೆಳಗೆ ಬಿಳಿ ಬಟ್ಟೆ ಇತ್ತು.

ಅವಳು ಪಕ್ಕದ್ದನ್ನು ಒತ್ತಿದಳು. ಅದೂ ಹೋಯಿತು. ಅದರ ಪಕ್ಕದ್ದೂ ಹೋಯಿತು. ಕೊನೆಗೆ ಎಂಟೂ ಹೋದ ಮೇಲೆ ಲೂಜೀನ್ ಬಾಯಲ್ಲಿದ್ದ ಎಳೆಯೊಂದನ್ನು ತೆಗೆದು ತಟ್ಟೆಯ ಅಂಚಿಗೆ ಅಂಟಿಸಿ ಕುರ್ಚಿಯಲ್ಲಿ ಕೂತಳು.

“ಬಗ್ಗಿ ನೋಡ್ತೀನಿ,” ಅಂದಳು.

“ಏನು?”

“ಕಾಲು ಬ್ರೇಕ್ ಮೇಲಿದ್ಯೋ ಇಲ್ವೋ ಅಂತ. ಬಸ್ಸು ನಿಧಾನ ಆಗೋವರೆಗೂ ಗೊತ್ತಾಗಲ್ಲ. ಅದಕ್ಕೆ ಬಗ್ಗಿ ನೋಡ್ತೀನಿ. ಎರಡು ತಿಂಗಳಾಯ್ತು. ಮಕ್ಕಳಿಗೆ ಗೊತ್ತಿಲ್ಲ. ಹೋದ ವಾರ ಇಳಿಜಾರಲ್ಲಿ ಎರಡು ಸಲ ನೋಡಿದೆ.” ಅವಳು ಬೂಟಿನ ಬಿಚ್ಚಿದ ದಾರವನ್ನು ನೋಡಿದಳು. “ನೋವು ಹೋಯ್ತಲ್ಲ, ಇದೂ ಹೋಗುತ್ತೆ ಅಂದ್ಕೊಂಡೆ.”

“ತಪ್ಪಾಯ್ತು ಲೂಜೀನ್.”

“ಆಯ್ತು ಬಿಡು.” ಅದು ಕ್ಷಮೆಯಲ್ಲ ಎಂದು ನೆಡ್ರಾಗೆ ತಿಳಿಯಿತು. “ಫೋನ್ ಕೊಡು.”

ಬಸ್ಸುಗಳ ಶೆಡ್ಡಿನ ಮೇಲ್ವಿಚಾರಕ ಡೀನ್ ಎಂಬವನು. ಅವನೂ ಅದೇ ವಾರ್ಡಿನವನು; ಆ ಚರ್ಚಿನವರು ಹೆಂಗಸರನ್ನು ‘ಸಿಸ್ಟರ್’ ಎಂದೇ ಕರೆಯುವುದು. ಲೂಜೀನ್ ಫೋನಿನಲ್ಲಿ ಹೇಳಿದ್ದು ಇಷ್ಟು. “ಡೀನ್, ನಾನು ಲೂಜೀನ್. ಮಧ್ಯಾಹ್ನದ ಸರದಿಗೆ ಬೇರೆಯವರನ್ನ ಕಳಿಸು, ಬಸ್ಸು ಥೈಗರ್ಸನ್ನರ ಮನೆ ಮುಂದಿದೆ. ಇಲ್ಲಪ್ಪ, ಜ್ವರ ಇಲ್ಲ. ಕಾಲು. ಇಲ್ಲ, ನಾಳೇನೂ ಬರಲ್ಲ. ಇವತ್ತೊಂದು ದಿನದ ಮಾತಲ್ಲ ಇದು.” ಆಮೇಲೆ ಫೋನನ್ನು ಮೇಜಿನ ಮೇಲಿಟ್ಟು, ಕೌದಿಯ ಮೇಲೆ ಬಿದ್ದಿದ್ದ ಕೀಯನ್ನು ನೆಡ್ರಾಳ ಅಂಗೈಗೆ ಹಾಕಿದಳು. “ನೀನೇ ಕೊಡು ಅವನಿಗೆ. ನನ್ನ ಕೈಯಾರೆ ಕೊಡೋಕಾಗಲ್ಲ.”

ಶೆಡ್ಡಿನಿಂದ ಇಲ್ಲಿಗೆ ಹದಿನೈದು ನಿಮಿಷದ ದಾರಿ. ಒಬ್ಬರೂ ಅಳಲಿಲ್ಲ. ಸೋಡಾದ ಮಂಜುಗಡ್ಡೆ ಕರಗಿ ಲೋಟಗಳ ಸುತ್ತ ನೀರು ನಿಂತಿತ್ತು. ನೆಡ್ರಾ ಎದ್ದು ಕೌದಿಯನ್ನು ಒದ್ದೆಯಾಗದಂತೆ ಮಡಚಿ ಒಳಗಿಟ್ಟು ಬಂದಳು. ಬಂದು ಮೇಜು ಒರೆಸಿದಳು. ಡಾಕ್ಟರು ಹೇಳಿದ್ದ ಉಳಿದ ಮಾತೂ ಹೇಳಿದಳು, ಬಿಟ್ಟ ಮೇಲೂ ಕೆಲವು ವಾರ ಜಾಸ್ತಿಯಾಗುತ್ತದೆ, ಆಮೇಲೆ ನೋವು ವಾಪಸು ಬರಬಹುದು ಅಂತ.

“ಬಂದ್ರೆ ಬರ್ಲಿ,” ಅಂದಳು ಲೂಜೀನ್. “ಬಂದ ದಿನ ಫೋನ್ ಮಾಡು.”

ಡೀನ್ ಬಂದ. ಟೋಪಿ ತೆಗೆದು ಬಾಗಿಲಲ್ಲೇ ನಿಂತ. ಏನು ಕೇಳಬೇಕು ಎಂದು ತಿಳಿಯದೆ ಕೆಮ್ಮಿದ. “ಶಾಲೆ ಬಿಡೋ ಹೊತ್ತಾಯ್ತು. ಕೀ ಎಲ್ಲಿದೆ ಸಿಸ್ಟರ್?”

“ನೆಡ್ರಾಗೆ ಕೊಟ್ಟೆ.”

ನೆಡ್ರಾ ಮೇಜಿನ ಮೇಲೆ ನೋಡಿದಳು. ಒರೆಸಿದ ಬಟ್ಟೆ ಎತ್ತಿ ಕೊಡವಿದಳು. ಒಳಗೆ ಹೋಗಿ ಕೌದಿಯ ಮಡಿಕೆ ಬಿಚ್ಚಿ ನೋಡಿದಳು, ಬಂದು ಚೌಕಟ್ಟಿನ ಕೆಳಗೆ ಬಗ್ಗಿದಳು, ಏಪ್ರನ್ನಿನ ಜೇಬು ಬಲಗೈಯಲ್ಲಿ ತಡಕಿದಳು. “ಇಲ್ಲೇ ಎಲ್ಲೋ ಇಟ್ಟೆ,” ಅಂದಳು. “ಈಗ ತಾನೇ ಇತ್ತು.”

ಲೂಜೀನ್ ಮೊದಲು ಸಿಡುಕಿನಿಂದ ನೋಡುತ್ತಿದ್ದಳು. ಆಮೇಲೆ ಅವಳ ಮುಖದ ಸಿಡುಕು ಹೋಯಿತು.

“ನೆಡ್ರಾ. ನಿನ್ನ ಎಡಗೈ ನೋಡ್ಕೊಳೇ.”

ನೆಡ್ರಾಳ ಎಡಗೈ ಬಿಗಿಯಾಗಿ ಮುಷ್ಟಿ ಕಟ್ಟಿತ್ತು. ಅವಳು ಬಲಗೈಯಿಂದ ಒಂದೊಂದೇ ಬೆರಳನ್ನು ಬಿಡಿಸಿದಳು. ಕೀ ಅಲ್ಲೇ ಇತ್ತು. ಅದರ ಹಲ್ಲುಗಳ ಗುರುತು ಅಂಗೈಯಲ್ಲಿ ಆಳವಾಗಿ ಒತ್ತಿತ್ತು. ಡೀನ್ ಅದನ್ನು ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಇಬ್ಬರೂ ಕಿಟಕಿಯ ಹತ್ತಿರ ನಿಂತರು. ಬಸ್ಸು ಸದ್ದು ಮಾಡಿ ಹೊರಟಿತು. ಬೀದಿಯ ಕೊನೆಯಲ್ಲಿ, ತಿರುವಿಗೆ ಇನ್ನೂ ಎಷ್ಟೋ ಮುಂಚೆಯೇ, ಬ್ರೇಕಿನ ದೀಪ ಹತ್ತಿತು.

“ಬೇಗ ಒತ್ತಿದ,” ಅಂದಳು ಲೂಜೀನ್.